ಕೂಲಿಯ ಲೆಕ್ಕದಲ್ಲಿ ಅವಳ ಹೆಸರು



ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ತೋಟವಿರುವ ಮನೆಗಳಲ್ಲಿ ಆಳುಗಳ ಲೆಕ್ಕ ಬರೆಯುವ ಪುಸ್ತಕವೊಂದು ಇದ್ದೇ ಇರುತ್ತದೆ. ಎಷ್ಟೋ ಮನೆಗಳಲ್ಲಿ ಅದನ್ನು ಬರೆಯುವವರು ನಾವೇ. ಯಜಮಾನರು ತೋಟದಿಂದ ಬಂದು ಕೈಕಾಲು ತೊಳೆಯುತ್ತಾ ಹೇಳುತ್ತಾರೆ, ನಾವು ಒಲೆಯ ಮೇಲಿನ ಹಾಲಿನ ಕಡೆಗೊಂದು ಕಣ್ಣಿಟ್ಟು ಬರೆದುಕೊಳ್ಳುತ್ತೇವೆ. ಆ ಪುಸ್ತಕವನ್ನು ಇವತ್ತು ಒಮ್ಮೆ ತೆಗೆದು ನೋಡಿ. ಗಂಡಸರ ಹೆಸರುಗಳು ಬೇರೆ ಬೇರೆಯಾಗಿ ಇರುತ್ತವೆ. ಹೆಂಗಸರದ್ದು? "ಹೆಣ್ಣಾಳು ಮೂರು" ಅಂತಲೋ, "ಅವನ ಮನೆಯವಳು" ಅಂತಲೋ, ಇಲ್ಲವೇ ಬರೀ "ಜೋಡಿ" ಅಂತಲೋ ಇರುತ್ತದೆ. ಹೆಸರು ಹಿಡಿದು ಬರೆದದ್ದು ಕಡಿಮೆ.

ಇಷ್ಟು ಸಣ್ಣ ವಿಷಯಕ್ಕೆ ಒಂದಿಡೀ ಲೇಖನ ಬೇಕೇ ಎನ್ನುತ್ತೀರಾ? ಬೇಕು. 2020 ಮತ್ತು 2021 ರ ಕೊರೋನಾ ಕಾಲದಲ್ಲಿ ಯಾವುದಾದರೊಂದು ಪಟ್ಟಿಯಲ್ಲಿ ಹೆಸರು ಇದ್ದವರಿಗೆ ಅಕ್ಕಿಯೋ ಹಣವೋ ಸಿಕ್ಕಿತು. ಹೆಸರು ಇಲ್ಲದವರು ಕೈ ಚಾಚಿ ನಿಲ್ಲಬೇಕಾಯಿತು. ಹೆಸರು ಇಲ್ಲದವರಲ್ಲಿ ಹೆಂಗಸರೇ ಹೆಚ್ಚು. ಆ ರೋಗದ ಮಾತು ಈಗ ಯಾರಿಗೂ ಬೇಡ, ನಿಜ. ಆದರೆ ಗಾಯ ಮಾಯ್ದ ಮೇಲೆ ಕತ್ತಿ ಎಲ್ಲಿಟ್ಟಿದ್ದೇವೆಂದು ನೋಡಿಕೊಳ್ಳುವುದು ಜಾಣತನವಷ್ಟೆ?

ಒಂದಿಷ್ಟು ನೆನಪು ಮಾಡಿಕೊಳ್ಳಿ. 2020 ರ ಮಾರ್ಚ್ ತಿಂಗಳ ಮೊದಲಲ್ಲಿ ಶಿರಸಿಯ ಮಾರಿಕಾಂಬಾ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ ಎಂದರೆ ಕೇಳಬೇಕೇ, ಮನೆ ತುಂಬ ನೆಂಟರು, ಪೇಟೆ ತುಂಬ ಜನ. ಜಾತ್ರೆ ಮುಗಿದು ಎರಡು ವಾರ ಆಗುವುದರೊಳಗೆ, ಮಾರ್ಚ್ 22 ರ ಭಾನುವಾರ ಜನತಾ ಕರ್ಫ್ಯೂ ಬಂತು. 24 ರ ರಾತ್ರಿ ಎಂಟು ಗಂಟೆಗೆ ಪ್ರಧಾನಿಯವರು ಟೀವಿಯಲ್ಲಿ ಮಾತಾಡಿದರು, ಮಧ್ಯರಾತ್ರಿಯಿಂದ ಇಡೀ ದೇಶವೇ ಬಂದ್. ಮಾರನೇ ದಿನ ಯುಗಾದಿ. ಆ ವರ್ಷದ ಬೇವು-ಬೆಲ್ಲದಲ್ಲಿ ಬೇವೇ ಹೆಚ್ಚಾಯಿತು. ನಮ್ಮ ಜಿಲ್ಲೆಯಲ್ಲಿ ರೋಗ ಮೊದಲು ಕಂಡದ್ದು ಭಟ್ಕಳದಲ್ಲಿ. ಹಾಗಾಗಿ ಘಟ್ಟದ ಮೇಲಿನ ನಮಗೂ ಭಯ ಬೇಗ ಹತ್ತಿತು. ಹಳ್ಳಿಹಳ್ಳಿಗಳಲ್ಲಿ ದಾರಿಗೆ ಅಡ್ಡವಾಗಿ ಮುಳ್ಳು, ಮರದ ದಿಮ್ಮಿ ಹಾಕಿದರು. "ಹೊರಗಿನವರು ಬರಬೇಡಿ" ಎಂದು ಬೋರ್ಡು ತೂಗಿಬಿಟ್ಟರು.

ಆ "ಹೊರಗಿನವರು" ಯಾರು? ಅರ್ಧ ಜನ ನಮ್ಮ ಮಕ್ಕಳೇ. ಬೆಂಗಳೂರಿನ ಕಂಪನಿ ಕೆಲಸದವರು ಕಂಪ್ಯೂಟರ್ ಹಿಡಿದುಕೊಂಡು ಊರಿಗೆ ಬಂದರು, ನೆಟ್‌ವರ್ಕ್ ಸಿಗದೆ ಗುಡ್ಡ ಹತ್ತಿ ಕೂತರು. ಯಲ್ಲಾಪುರದ ಕಡೆಯಿಂದ ಗೋವಾಕ್ಕೆ ದುಡಿಯಲು ಹೋದವರು ಗಡಿ ಮುಚ್ಚಿದ್ದರಿಂದ ಅತ್ತಲೇ ಉಳಿದರು. ಇನ್ನರ್ಧ ಜನ ಹಾವೇರಿ, ಗದಗ, ಕೊಪ್ಪಳದ ಕಡೆಯಿಂದ ನಮ್ಮಲ್ಲಿಗೆ ಕೂಲಿಗೆ ಬಂದವರು. ಕಟ್ಟಡದ ಕೆಲಸ, ರಸ್ತೆ ಕೆಲಸ, ಕಲ್ಲು ಕೀಳುವುದು, ತೋಟಕ್ಕೆ ಮಣ್ಣು-ಗೊಬ್ಬರ ಹೊರುವುದು, ಬನವಾಸಿಯ ಕಡೆ ಅನಾನಸು ಕೊಯ್ಯುವುದು. ಕೊನೆಕೊಯ್ಲು ಆಗಲೇ ಮುಗಿದಿತ್ತು. ಸುಲಿಯುವ ಚಾಲಿ ಅಡಿಕೆ ಅಂಗಳದಲ್ಲಿತ್ತು, ಆದರೆ ಅಡಿಕೆ ವ್ಯಾಪಾರವೇ ನಿಂತಿದ್ದರಿಂದ ಕೈಗೆ ಕಾಸು ಬರುವಂತಿರಲಿಲ್ಲ. ಲಾರಿ ಹೋಗದೆ ಬನವಾಸಿಯ ಅನಾನಸು ಹೊಲದಲ್ಲೇ ಕೊಳೆಯಿತು. ಬೆಳೆದವನಿಗೆ ನಷ್ಟ ಹೌದು. ಕೊಯ್ಯಲು ಬಂದವಳಿಗೆ ಅವತ್ತಿನ ಅನ್ನವೇ ಹೋಯಿತು.

ಕೆಲವು ಮನೆಯವರು ಆ ತಿಂಗಳುಗಳಲ್ಲಿ ಆಳುಗಳಿಗೆ ಅಕ್ಕಿ-ಬೇಳೆ ಕೊಟ್ಟು ಬಿಡಾರದಲ್ಲೇ ಇಟ್ಟುಕೊಂಡರು. ಕೆಲವರು "ನಿಮ್ಮೂರಿಗೆ ಹೋಗಿ" ಎಂದರು. ಹೋಗುವುದು ಹೇಗೆ? ಬಸ್ಸಿಲ್ಲ, ರೈಲಿಲ್ಲ. ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕಿದ್ದ ರಾಯಚೂರು ಜಿಲ್ಲೆಯ ಸಿಂಧನೂರು ತಾಲೂಕಿನ ಒಬ್ಬ ಯುವತಿ ಊರಿನ ಕಡೆ ನಡೆದೇ ಹೊರಟು, ಬಳ್ಳಾರಿಯಲ್ಲಿ ತೀರಿಕೊಂಡ ಸುದ್ದಿಯನ್ನು 2020 ರ ಏಪ್ರಿಲ್‌ನಲ್ಲಿ ನೀವೂ ಓದಿರುತ್ತೀರಿ. ಅದೇ ತಿಂಗಳು ತೆಲಂಗಾಣದ ಮೆಣಸಿನಕಾಯಿ ಹೊಲದಿಂದ ಛತ್ತೀಸಗಡದ ತನ್ನೂರಿಗೆ ದಿನಗಟ್ಟಲೆ ನಡೆದ ಹನ್ನೆರಡು ವರ್ಷದ ಹುಡುಗಿ, ಇನ್ನೇನು ಮನೆ ಬಂತು ಎನ್ನುವಾಗ ಪ್ರಾಣ ಬಿಟ್ಟಳು. ಹನ್ನೆರಡು ವರ್ಷ! ನಮ್ಮ ಮನೆಯ ಆ ವಯಸ್ಸಿನ ಹುಡುಗಿಗೆ ಜಡೆ ಹಾಕಿಕೊಳ್ಳಲು ಇನ್ನೂ ಅಮ್ಮ ಬೇಕು.

ಮೇ ತಿಂಗಳಲ್ಲಿ ಕಾರ್ಮಿಕರಿಗೆಂದೇ ವಿಶೇಷ ರೈಲುಗಳು ಶುರುವಾದವು. ನಮ್ಮ ರಾಜ್ಯದಲ್ಲಿ ಮೇ 5 ರಂದು, ಕಟ್ಟಡ ಕಟ್ಟಿಸುವವರ ಜೊತೆ ಸಭೆಯಾದ ಮೇಲೆ, ಮರುದಿನದಿಂದ ರೈಲು ಬೇಡವೆಂದು ಸರ್ಕಾರ ಪತ್ರ ಬರೆಯಿತು. ನಾಲ್ಕೂ ಕಡೆಯಿಂದ ಟೀಕೆ ಬಂದ ಮೇಲೆ ಮೇ 7 ರಂದು ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡಿತು. ಆಳು ಹೋದರೆ ಕೆಲಸ ನಿಲ್ಲುತ್ತದೆ ಎನ್ನುವ ಚಿಂತೆ ಕಟ್ಟಡದವರಿಗೆ ಮಾತ್ರ ಇತ್ತೆನ್ನಬೇಡಿ. ಮಳೆಗಾಲ ಹತ್ತಿರ ಬಂತು, ಕೊನೆಗೆ ಮದ್ದು ಹೊಡೆಯಬೇಕು, ಕೊಟ್ಟೆ ಕಟ್ಟಬೇಕು, ಆಳು ಬಿಟ್ಟುಹೋದರೆ ಹೇಗೆ ಎಂದು ನಮ್ಮ ಜಗಲಿಗಳಲ್ಲೂ ಅದೇ ಮಾತು. ಆಳು ಬೇಕು, ಆಳಿನ ಸಂಸಾರ ಬೇಡ ಎಂದರೆ ಆಗುತ್ತದೆಯೇ?

ಇನ್ನು ಪಟ್ಟಿಗಳ ವಿಷಯಕ್ಕೆ ಬರೋಣ. 2020 ರ ಮೇ 6 ರಂದು ರಾಜ್ಯ ಸರ್ಕಾರ ಪರಿಹಾರ ಸಾರಿತು. ಕ್ಷೌರಿಕರಿಗೆ, ಅಗಸರಿಗೆ, ಆಟೋ ಮತ್ತು ಟ್ಯಾಕ್ಸಿ ಓಡಿಸುವವರಿಗೆ ತಲಾ 5,000 ರೂಪಾಯಿ. ನೋಂದಣಿಯಾದ ಕಟ್ಟಡ ಕಾರ್ಮಿಕರಿಗೆ ಮೊದಲಿನ 2,000 ದ ಜೊತೆ ಇನ್ನೂ 3,000. ಒಳ್ಳೆಯದೇ, ಯಾರೂ ಬೇಡವೆನ್ನುವುದಿಲ್ಲ. ಆದರೆ ಕಟ್ಟಡದಲ್ಲಿ ಇಟ್ಟಿಗೆ ಹೊರುವ ಹೆಂಗಸು ನೋಂದಣಿ ಮಾಡಿಸಿರಬೇಕಲ್ಲ? "ಯಜಮಾನರ ಕಾರ್ಡಿದೆ, ನಂದ್ಯಾಕೆ" ಎನ್ನುವವರೇ ಹೆಚ್ಚು. ಮನೆಗೆಲಸದವರ ಹೆಸರು ಆ ವರ್ಷದ ಪಟ್ಟಿಯಲ್ಲಿ ಇರಲಿಲ್ಲ. 2021 ರ ಮೇ ತಿಂಗಳಲ್ಲಿ, ಎರಡನೇ ಅಲೆಯ ಹೊತ್ತಿಗೆ, ಅವರನ್ನೂ ಸೇರಿಸಿ 2,000 ರೂಪಾಯಿ ಎಂದರು. ಅಡಿಕೆ ಸುಲಿಯುವವಳು, ಗೊಬ್ಬರ ಹೊರುವವಳು, ಗದ್ದೆ ನೆಡುವವಳು ಆಗಲೂ ಹೊರಗೇ ಉಳಿದಳು.

ಕಾನೂನೇ ಇಲ್ಲವೇ ಎಂದು ಕೇಳಬಹುದು. 1979 ರಲ್ಲೇ ವಲಸೆ ಕಾರ್ಮಿಕರಿಗಾಗಿ ಒಂದು ಕಾನೂನು ಆಗಿತ್ತು. ಅದು ಒಂದು ರಾಜ್ಯದಿಂದ ಇನ್ನೊಂದು ರಾಜ್ಯಕ್ಕೆ ಗುತ್ತಿಗೆದಾರರ ಮೂಲಕ ಹೋದವರಿಗೆ. ಕೊಪ್ಪಳದಿಂದ ಶಿರಸಿಗೆ ಬಂದವಳು ಅದರ ಲೆಕ್ಕಕ್ಕೆ ಬರಲೇ ಇಲ್ಲ. 2020 ರ ಸೆಪ್ಟೆಂಬರಿನಲ್ಲಿ ಲೋಕಸಭೆಯಲ್ಲಿ ಪ್ರಶ್ನೆ ಕೇಳಿದಾಗ, ಊರಿಗೆ ಮರಳಿದ ಕಾರ್ಮಿಕರು ಒಂದು ಕೋಟಿಗೂ ಹೆಚ್ಚು ಎಂದು ಕೇಂದ್ರ ಕಾರ್ಮಿಕ ಇಲಾಖೆ ಉತ್ತರಿಸಿತು. ದಾರಿಯಲ್ಲಿ ಎಷ್ಟು ಜನ ತೀರಿಕೊಂಡರು ಎಂಬ ಲೆಕ್ಕ ಇಟ್ಟಿಲ್ಲ ಎಂದೂ ಹೇಳಿತು. ಹಾಲಿನವನಿಗೆ, ದಿನಸಿಯವನಿಗೆ ಪೈಸೆ ಲೆಕ್ಕ ಇಡುವ ನಮಗೆ ಇದು ಹೇಗೆ ಕೇಳಿಸುತ್ತದೆ, ನೀವೇ ಹೇಳಿ.

ಅವಳ ಹೆಸರಿಗೇ ಬಂದದ್ದು ಏನೂ ಇರಲಿಲ್ಲವೇ? ಇತ್ತು. ಜನಧನ್ ಖಾತೆ ಇದ್ದ ಹೆಂಗಸರಿಗೆ 2020 ರ ಏಪ್ರಿಲ್, ಮೇ, ಜೂನ್ ಮೂರು ತಿಂಗಳು ತಲಾ 500 ರೂಪಾಯಿ ಬಂತು. ಏಪ್ರಿಲ್ ಕೊನೆಯ ಹೊತ್ತಿಗೆ ಉದ್ಯೋಗ ಖಾತ್ರಿ ಕೆಲಸ ಮತ್ತೆ ಶುರುವಾಯಿತು. ಆ ವರ್ಷ ನಮ್ಮ ರಾಜ್ಯದಲ್ಲಿ ಅದರ ಕೂಲಿ ದಿನಕ್ಕೆ 275 ರೂಪಾಯಿ. ಗಂಡಿಗೂ ಅಷ್ಟೇ, ಹೆಣ್ಣಿಗೂ ಅಷ್ಟೇ, ಹಣ ಬ್ಯಾಂಕಿಗೆ. 500 ರೂಪಾಯಿಯಲ್ಲಿ ಏನಾದೀತು ಎಂದು ನಗಬೇಡಿ. ಎಣ್ಣೆ, ಉಪ್ಪು, ಮೆಣಸು, ಮಗುವಿನ ಜ್ವರದ ಔಷಧಿಗೆ ಅದೇ ಆಧಾರವಾದ ಮನೆಗಳಿದ್ದವು. ದುಡ್ಡು ಅವಳ ಹೆಸರಿಗೆ ಬಂದರೆ ಮೊದಲು ಒಲೆಯ ಹತ್ತಿರ ಹೋಗುತ್ತದೆ. ಇದನ್ನು ನಮಗೆ ಯಾರೂ ಕಲಿಸಿಕೊಡಬೇಕಾಗಿಲ್ಲ.

ಗಂಡನ ಕೈಗೆ ಜೋಡಿ ಕೂಲಿ ಹೋದರೆ ಏನಾಗುತ್ತದೆ ಎನ್ನುವುದೂ ಗೊತ್ತಿದೆ. ಲಾಕ್‌ಡೌನಿನಲ್ಲಿ ಸಾರಾಯಿ ಅಂಗಡಿಗಳು ಮುಚ್ಚಿದ್ದು ನಲವತ್ತು ದಿನ, 2020 ರ ಮೇ 4 ರಂದು ತೆರೆದವು. ಅವತ್ತಿನ ಸಾಲು ಟೀವಿಯಲ್ಲಿ ನೋಡಿದಿರಲ್ಲ? ಮನೆಯಲ್ಲಿ ಎಲ್ಲರೂ ಕೂಡಿ ಬಿದ್ದ ಆ ದಿನಗಳಲ್ಲಿ ಹೆಂಗಸರ ಮೇಲಿನ ಹೊಡೆತ-ಬಡಿತದ ದೂರುಗಳು ಹೆಚ್ಚಿವೆ ಎಂದು ರಾಷ್ಟ್ರೀಯ ಮಹಿಳಾ ಆಯೋಗವೇ ಏಪ್ರಿಲ್‌ನಲ್ಲಿ ಹೇಳಿತು. ನಾಲ್ಕು ತಗಡಿನ ಬಿಡಾರದಲ್ಲಿ ಇರುವವಳು ಎಲ್ಲಿಗೆ ಹೋಗಬೇಕು? ತವರು ಮುನ್ನೂರು ಕಿಲೋಮೀಟರು ದೂರ.

ನಮ್ಮ ಮನೆಗಳ ಒಳಗೂ ಒಂದು ಮಾತಿದೆ. ಮಕ್ಕಳು-ಸೊಸೆಯರೆಲ್ಲ ಊರಿಗೆ ಬಂದರು, ಸಂತೋಷವೇ. ಮೂರು ಜನರ ಅಡಿಗೆ ಒಂಬತ್ತು ಜನರದ್ದಾಯಿತು. ದಿನಕ್ಕೆ ನಾಲ್ಕು ಸಲ ಕಷಾಯ. ಅದೇ ಹೊತ್ತಿಗೆ "ರೋಗ ತಂದೀಯೆ, ಬರಬೇಡ" ಎಂದು ಕೆಲಸದವಳನ್ನು ಬಿಡಿಸಿದ್ದೂ ಆಯಿತು. ಪಾತ್ರೆಯ ರಾಶಿ ನಮ್ಮ ಬೆನ್ನಿಗೆ ಬಿತ್ತು, ಅವಳ ಸಂಬಳ ಯಾರ ಕಿಸೆಗೂ ಬೀಳಲಿಲ್ಲ. ಬರಬೇಡವೆಂದು ನಾವೇ ಹೇಳಿದ ತಿಂಗಳಿಗೂ ಸಂಬಳ ಕೊಟ್ಟ ಗೃಹಿಣಿಯರಿದ್ದಾರೆ, ಅವರಿಗೆ ದೊಡ್ಡ ನಮಸ್ಕಾರ. ಕೊಡದವರೂ ಇದ್ದಾರೆ. ಸರ್ಕಾರಿ ಕಚೇರಿಯ ಗುಮಾಸ್ತರಿಗೆ ಬಾಗಿಲು ಮುಚ್ಚಿದ ತಿಂಗಳಿಗೂ ಸಂಬಳ ಬಂತಲ್ಲವೇ? ಅವಳದ್ದು ಮಾತ್ರ ಯಾಕೆ ನಿಲ್ಲಬೇಕು?

ಮನೆ ಬಾಗಿಲಿಗೆ ಬಂದು "ಜ್ವರ ಇದೆಯಾ, ಹೊರಗಿನಿಂದ ಯಾರಾದರೂ ಬಂದಿದ್ದಾರಾ" ಎಂದು ಕೇಳುತ್ತಿದ್ದ ಆಶಾ ಕಾರ್ಯಕರ್ತೆಯರನ್ನೂ ಮರೆಯಬಾರದು. ಬಿಡಾರದ ಒಳಗೆ ಯಾರಿದ್ದಾರೆ, ಯಾರು ಬಸುರಿ, ಯಾರು ಬಾಣಂತಿ ಎಂದು ವಿಚಾರಿಸಿಕೊಂಡು ಬರೆದವರು ಅವರು. ಆ ಆಶಾದವರೇ 2020 ರ ಜುಲೈನಲ್ಲಿ ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ ಎಂದು ರಾಜ್ಯದಾದ್ಯಂತ ಮುಷ್ಕರ ಹೂಡಬೇಕಾಯಿತು.

ನಮ್ಮ ಕಡೆಯದ್ದೇ ಆದ ಇನ್ನೊಂದು ಭಯವಿದೆ, ಮಂಗನ ಕಾಯಿಲೆ. 1957 ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ರೋಗ. ಡಿಸೆಂಬರಿನಿಂದ ಮೇ ತನಕ ಇದರ ಕಾಲ. 2020 ರಲ್ಲಿ ಕೊರೋನಾ ಬಂದ ಹೊತ್ತಿಗೇ ಸಿದ್ದಾಪುರದ ಕಡೆ ಇದೂ ಇತ್ತು, 2024 ರಲ್ಲಿ ಮತ್ತೆ ಬಂತು. ಹರಡುವುದು ಉಣುಗಿನ ಕಡಿತದಿಂದ, ಮನುಷ್ಯರಿಂದ ಮನುಷ್ಯರಿಗಲ್ಲ. ಕೊಟ್ಟಿಗೆಗೆ ಹಾಸಲು ಬೆಟ್ಟದಿಂದ ದರಕು ತರುವವರು, ಕಟ್ಟಿಗೆ ಆಯುವವರು ಯಾರು? ಹೆಂಗಸರೇ. ಬಯಲುಸೀಮೆಯಿಂದ ಬಂದವಳಿಗೆ ಈ ಉಣುಗಿನ ಪರಿಚಯವೇ ಇರುವುದಿಲ್ಲ. ಜ್ವರ, ತಲೆನೋವು, ಮೈಕೈ ನೋವು ಬಂದರೆ "ಹೇಳಿದರೆ ಊರಿಂದ ಓಡಿಸಿಯಾರು" ಎಂದು ಮುಚ್ಚಿಡುತ್ತಾಳೆ. ಕೊರೋನಾ ಕಾಲದಲ್ಲಿ ಜ್ವರವನ್ನು ಮುಚ್ಚಿಟ್ಟವರಿಗೆಲ್ಲ ಇದ್ದದ್ದು ಇದೇ ಹೆದರಿಕೆ. ಹೆಸರಿಲ್ಲದವಳು ರೋಗ ಬಂದರೂ ಹೇಳಿಕೊಳ್ಳಲಾರಳು. ಅವಳು ಹೇಳದಿದ್ದರೆ ಇಡೀ ಊರಿಗೇ ಅಪಾಯ.

ಹಾಗಾದರೆ ನಾವು, ಮನೆಯಲ್ಲೇ ಇರುವ ಹೆಂಗಸರು, ಏನು ಮಾಡಬಹುದು? ದೊಡ್ಡ ಮಾತು ಬೇಡ. ಕೈಯಳತೆಯಲ್ಲಿ ಇರುವುದನ್ನಷ್ಟೇ ಹೇಳುತ್ತೇನೆ.

ಒಂದು: ಲೆಕ್ಕದ ಪುಸ್ತಕದಲ್ಲಿ ಪ್ರತಿಯೊಬ್ಬ ಹೆಂಗಸಿನ ಹೆಸರು, ಅವಳ ಊರು, ಮನೆಯವರ ಫೋನ್ ನಂಬರು ಬರೆಯಿರಿ. ಬಂದ ದಿನ, ಕೊಟ್ಟ ಮುಂಗಡ, ಉಳಿದ ಕೂಲಿ ಬೇರೆ ಬೇರೆಯಾಗಿ ಇರಲಿ. ಅವಳ ಮುಂಗಡವನ್ನು ಗಂಡನ ಸಾಲಕ್ಕೆ ವಜಾ ಮಾಡುವ ಪದ್ಧತಿ ಬೇಡ.

ಎರಡು: ಕೂಲಿಯನ್ನು ಅವಳ ಕೈಗೇ ಕೊಡಿ, ಖಾತೆ ಇದ್ದರೆ ಖಾತೆಗೆ ಹಾಕಿ. ಒಂದೇ ಕೆಲಸಕ್ಕೆ ಗಂಡಾಳಿಗೆ ಒಂದು ದರ, ಹೆಣ್ಣಾಳಿಗೆ ಇನ್ನೊಂದು ದರ ಎನ್ನುವುದು ಕಾನೂನಿಗೂ ವಿರುದ್ಧ. 1976 ರಲ್ಲೇ ಸಮಾನ ಕೂಲಿಯ ಕಾನೂನು ಬಂದಿತ್ತು, 2019 ರ ವೇತನ ಸಂಹಿತೆಯಲ್ಲೂ ಅದೇ ಮಾತಿದೆ. ಮರ ಹತ್ತುವವನಿಗೆ ಹೆಚ್ಚು ಕೊಡಿ, ಅದು ಬೇರೆ ಕೆಲಸ. ಗೊಬ್ಬರದ ಬುಟ್ಟಿ ಇಬ್ಬರ ತಲೆಯ ಮೇಲೂ ಒಂದೇ ಭಾರ.

ಮೂರು: ರೇಷನ್ ಕಾರ್ಡು ಊರಲ್ಲಿದೆ ಎಂದು ಸುಮ್ಮನಿರಬೇಕಾಗಿಲ್ಲ. ಕಾರ್ಡಿನ ನಂಬರು ಇದ್ದು ಆಧಾರ್ ಜೋಡಣೆಯಾಗಿದ್ದರೆ ಬೇರೆ ಊರಿನ ನ್ಯಾಯಬೆಲೆ ಅಂಗಡಿಯಲ್ಲೂ ಬೆರಳಚ್ಚು ಕೊಟ್ಟು ಅಕ್ಕಿ ಪಡೆಯಬಹುದು. ಅಂಗಡಿಯವರು ಆಗುವುದಿಲ್ಲ ಎಂದರೆ ಜೊತೆಗೆ ನೀವೊಮ್ಮೆ ಹೋಗಿ ನಿಲ್ಲಿ. ಪರಿಚಯದ ಮುಖ ಕಂಡರೆ ಆಗದ ಕೆಲಸ ಆಗುತ್ತದೆ ಎನ್ನುವುದು ಸಣ್ಣ ಊರಿನ ನಮಗೆ ಗೊತ್ತಿರುವ ಗುಟ್ಟು.

ನಾಲ್ಕು: ಅಸಂಘಟಿತ ಕಾರ್ಮಿಕರಿಗಾಗಿ ಕೇಂದ್ರ ಸರ್ಕಾರ 2021 ರ ಆಗಸ್ಟ್ 26 ರಂದು ಇ-ಶ್ರಮ್ ನೋಂದಣಿ ಶುರು ಮಾಡಿತು. ತೋಟ-ಗದ್ದೆ ಕೂಲಿಯವರೂ ಮನೆಗೆಲಸದವರೂ ಅದರಲ್ಲಿ ಸೇರಬಹುದು. ಆಧಾರ್, ಫೋನ್ ನಂಬರು, ಬ್ಯಾಂಕ್ ಖಾತೆ ಇದ್ದರೆ ಸಾಮಾನ್ಯ ಸೇವಾ ಕೇಂದ್ರದಲ್ಲಿ ಮಾಡಿಸಬಹುದು. ಹನ್ನೆರಡು ಅಂಕಿಯ ಕಾರ್ಡು ಕೊಡುತ್ತಾರೆ. ಮತ್ತೊಮ್ಮೆ ಕಷ್ಟಕಾಲ ಬಂದು ಪಟ್ಟಿ ಮಾಡುವಾಗ, ಅವಳೂ ಒಬ್ಬಳು ಕಾರ್ಮಿಕಳು ಎನ್ನುವುದಕ್ಕೆ ಒಂದು ಗುರುತು ಬೇಕಲ್ಲ?

ಐದು: ಬಿಡಾರದಲ್ಲಿ ಬಸುರಿ, ಬಾಣಂತಿ, ಸಣ್ಣ ಮಕ್ಕಳು ಇದ್ದರೆ ಅಂಗನವಾಡಿಗೂ ಆಶಾದವರಿಗೂ ತಿಳಿಸಿ. ತಾಯಿ ಕಾರ್ಡು ಜೊತೆಗೇ ಇಟ್ಟುಕೊಳ್ಳಲು ಹೇಳಿ. ಶಾಲೆಯ ವಯಸ್ಸಿನ ಹುಡುಗಿಯನ್ನು ತಮ್ಮನನ್ನು ಆಡಿಸಲು ಬಿಡಾರದಲ್ಲೇ ಕೂರಿಸಿದ್ದರೆ ಹತ್ತಿರದ ಶಾಲೆಯ ಮೇಷ್ಟ್ರಿಗೆ ಒಂದು ಮಾತು ಹಾಕಿ. ಕೊರೋನಾ ಕಾಲದಲ್ಲಿ ನಮ್ಮ ರಾಜ್ಯದಲ್ಲಿ ಒಂದರಿಂದ ಐದನೇ ತರಗತಿಯ ಬಾಗಿಲು ತೆರೆದದ್ದು 2021 ರ ಅಕ್ಟೋಬರ್ 25 ಕ್ಕೆ. ಆಗ ತಪ್ಪಿದ ಅಕ್ಷರ ಎಷ್ಟೋ ಹುಡುಗಿಯರಿಗೆ ಮತ್ತೆ ಸಿಕ್ಕಿಲ್ಲ.

ಆರು: ಚಳಿಗಾಲ, ಬೇಸಿಗೆಯಲ್ಲಿ ಬೆಟ್ಟಕ್ಕೆ ಕಳಿಸುವಾಗ ಮೈತುಂಬ ಬಟ್ಟೆ ಹಾಕಲು ಹೇಳಿ, ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ತರಿಸಿಡಿ. ವಾಪಸು ಬಂದ ಮೇಲೆ ಬಿಸಿನೀರು, ಸೋಪು ಕೊಡಿ. ಹಂಡೆಯ ಒಲೆಗೆ ಎರಡು ಕಟ್ಟಿಗೆ ಹೆಚ್ಚು ಇಟ್ಟರೆ ಆಯಿತು. "ಜ್ವರ ಬಂದರೆ ಮುಚ್ಚಿಡಬೇಡ, ಕೆಲಸದಿಂದ ಬಿಡಿಸುವುದಿಲ್ಲ" ಎನ್ನುವ ಮಾತನ್ನು ಮೊದಲ ದಿನವೇ ಹೇಳಿಬಿಡಿ.

ಏಳು: ಹೊಡೆತ-ಬಡಿತದ ಸುಳಿವು ಸಿಕ್ಕರೆ "ಅದು ಅವರ ಸಂಸಾರದ ವಿಷಯ" ಎಂದು ಬಾಗಿಲು ಮುಚ್ಚಿಕೊಳ್ಳಬೇಡಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಈ ಎರಡು ನಂಬರುಗಳನ್ನು ಅಡಿಗೆಮನೆಯ ಕ್ಯಾಲೆಂಡರಿನ ಹಿಂದೆ ಬರೆದಿಡಿ. ಅವಳಿಗೆ ಓದಲು ಬಾರದಿದ್ದರೆ ಬಾಯಿಪಾಠ ಮಾಡಿಸಿ.

"ಇಷ್ಟೆಲ್ಲ ಮಾಡಿದರೆ ಆಳುಗಳು ತಲೆಯ ಮೇಲೆ ಕೂರುತ್ತಾರೆ" ಎನ್ನುವ ಮಾತು ಒಳಕೋಣೆಯಿಂದ ಬಂದೇ ಬರುತ್ತದೆ. ಅದಕ್ಕೆ ಉತ್ತರ ಸುಲಭ. ಲಾಕ್‌ಡೌನ್ ಮುಗಿದ ಮೇಲೆ ಆಳು ಸಿಗುವುದಿಲ್ಲ ಎಂಬ ಗೋಳು ಎಲ್ಲ ಕಡೆ ಇತ್ತು. ಕಷ್ಟದಲ್ಲಿ ಅಕ್ಕಿ ಕೊಟ್ಟ ಮನೆಗೆ ಜನ ತಾವಾಗಿ ಬಂದಾರು, ಹೊರಗೆ ಹಾಕಿದ ಮನೆಗೆ ಕರೆದರೂ ಬರುವುದು ಅನುಮಾನ. ನ್ಯಾಯದ ಮಾತು ಹಿಡಿಸದವರಿಗೆ ಈ ಲಾಭದ ಮಾತನ್ನಾದರೂ ಹೇಳಿ ನೋಡಿ.

ದೇಶದ ಲೆಕ್ಕ ಸರಿ ಮಾಡುವುದು ನಮ್ಮ ಕೈಯಲ್ಲಿಲ್ಲ. ನಮ್ಮ ಅಂಗಳದ ಲೆಕ್ಕ ಮಾತ್ರ ನಮ್ಮ ಕೈಯಲ್ಲೇ ಇದೆ. ಕೊನೆಕೊಯ್ಲಿಗೆ ಆಳುಗಳು ಬಂದು ಇಳಿದ ದಿನ, ಚಹಾ ಲೋಟ ಕೈಗೆ ಕೊಡುವಾಗ "ನಿನ್ನ ಹೆಸರೇನವ್ವಾ?" ಎಂದು ಕೇಳಿ. ಶುರು ಮಾಡಲು ಅಷ್ಟು ಸಾಕು.

ನಿಮ್ಮ ಊರಿನಲ್ಲಿ ಇಂಥ ಕೆಲಸ ಯಾರಾದರೂ ಮಾಡಿದ್ದರೆ, ಅಥವಾ ಮಾಡಹೋಗಿ ತೊಡಕು ಬಂದಿದ್ದರೆ, ಪತ್ರ ಬರೆಯಿರಿ. ನಾಲ್ಕು ಜನಕ್ಕೆ ಉಪಯೋಗವಾಗುತ್ತದೆ. ಮುಂದಿನ ಸಲ ಹಲಸಿನ ಹಪ್ಪಳದ ಮಾತಾಡೋಣ, ಬರಲೇ?